ಮಿದುಳಿನ ಗಡ್ಡೆಯ ಎಂಆರ್‌ಐಗೆ ಕಬ್ಬಿಣದ ನ್ಯಾನೊಕಣ: ಬಳಸುವ ಕ್ರಮ

ಮೂತ್ರಪಿಂಡ ಕೆಟ್ಟು, ಎಂಆರ್‌ಐಯಲ್ಲಿ ಗಡ್ಡೆ ಎದ್ದು ಕಾಣಲು ಚುಚ್ಚುವ ಗ್ಯಾಡೋಲಿನಿಯಂ ಕೊಡಲಾಗದ ರೋಗಿಗಳಿಗೆ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ನ್ಯಾನೊಕಣದ ಔಷಧ ಒಳ್ಳೆಯ ದಾರಿ. ಇದಕ್ಕೆ ಮೊದಲು ಅನುಮೋದನೆ ಸಿಕ್ಕಿದ್ದು ರಕ್ತಹೀನತೆಯ ಔಷಧವಾಗಿ. ಚಿತ್ರಣಕ್ಕೆ ಬಳಸುವುದು ಬಹುಕಾಲ ಅನುಮೋದನೆಯಾಚೆಗಿನ ಬಳಕೆಯಾಗಿತ್ತು; ಅನುಮೋದನೆ ಇಲ್ಲದ ಕಡೆ ಲಿಖಿತ ಒಪ್ಪಿಗೆ ಪಡೆಯಿರಿ.

ಕಬ್ಬಿಣದ ಇಂಜೆಕ್ಷನ್‌ಗೆ ಅಲರ್ಜಿ ಅಥವಾ ದೇಹದಲ್ಲಿ ಕಬ್ಬಿಣ ತುಂಬಿಕೊಳ್ಳುವ ಕಾಯಿಲೆ ಇದ್ದರೆ ಕೈಬಿಡಿ. ಔಷಧ ಕೊಡುವ ಮುಂಚೆಯೇ ಟಿ1, ಟಿ2 ಸ್ಟಾರ್ ಎಂಬ ಎರಡು ಬಗೆಯ ಎಂಆರ್‌ಐ ಚಿತ್ರ ತೆಗೆದಿಡಿ. ಇದನ್ನು ಬಿಟ್ಟವರೇ ಆಮೇಲೆ ಪರದಾಡುವುದು: ಟಿ2 ಸ್ಟಾರ್‌ನಲ್ಲಿ ಹಳೆಯ ರಕ್ತಸ್ರಾವವೂ ಕಪ್ಪು, ನ್ಯಾನೊಕಣವೂ ಕಪ್ಪು.

17 ಮಿ.ಲೀ. ವಯಲ್‌ನಲ್ಲಿ 510 ಮಿ.ಗ್ರಾಂ ಕಬ್ಬಿಣವಿರುತ್ತದೆ. ಅದನ್ನು 50ರಿಂದ 200 ಮಿ.ಲೀ. ಸಲೈನ್‌ಗೆ ಬೆರೆಸಿ, ಕನಿಷ್ಠ 15 ನಿಮಿಷ ನಿಧಾನವಾಗಿ ಹರಿಸಿ. ಮುಗಿದ ಮೇಲೂ 30 ನಿಮಿಷ ರಕ್ತದೊತ್ತಡ ನೋಡುತ್ತಿರಿ. ಅನಾಫಿಲಾಕ್ಸಿಸ್ (ಇಡೀ ದೇಹದ ತೀವ್ರ ಅಲರ್ಜಿ) ಅಪರೂಪವಾದರೂ ಪ್ರಾಣ ತೆಗೆಯಬಲ್ಲದು. ಅಡ್ರಿನಲಿನ್ ಕೈಗೆಟಕುವಲ್ಲೇ ಇರಲಿ.

ಮೊದಲ ಕೆಲವು ಗಂಟೆ ಕಣಗಳು ಬಹುಪಾಲು ರಕ್ತನಾಳದಲ್ಲೇ ಇರುತ್ತವೆ. ಗಡ್ಡೆಯೊಳಗಿನ ರಕ್ತದ ಪ್ರಮಾಣ ಅಳೆಯಲು ಅದೇ ಒಳ್ಳೆಯ ಸಮಯ. ಗಡ್ಡೆ ಹೊಳೆಯಲಿಲ್ಲವೆಂದು ಗಾಬರಿ ಬೇಡ. ಸುಮಾರು 24 ಗಂಟೆಯ ನಂತರ ಮತ್ತೆ ಟಿ1 ತೆಗೆಯಿರಿ. ಆಗ ಹೊಳೆಯುವುದು ಹೆಚ್ಚಾಗಿ ಕಣ ನುಂಗಿದ ಪ್ರತಿರಕ್ಷಣಾ ಕೋಶಗಳು, ಗಡ್ಡೆಯ ಕೋಶಗಳಲ್ಲ. ಹಾಗಾಗಿ ಉರಿಯೂತವೂ ಹೊಳೆದೀತು.

ಔಷಧ ಕೊಟ್ಟ ತಾರೀಖನ್ನು ರೋಗಿಯ ದಾಖಲೆಯಲ್ಲಿ ಎದ್ದು ಕಾಣುವಂತೆ ಬರೆಯಿರಿ. 3 ತಿಂಗಳವರೆಗೆ ಬೇರೆ ಎಂಆರ್‌ಐಗಳೂ ಏರುಪೇರಾಗಬಹುದು.