ಸೂಪರ್‌ಕಂಡಕ್ಟರ್ ತಂತಿಯಲ್ಲಿ ಹಾರ್ಮೋನಿಕ್ ಕರೆಂಟ್: ನಷ್ಟ ಲೆಕ್ಕ ಹಾಕೋದು ಹೇಗೆ?

ಸೂಪರ್‌ಕಂಡಕ್ಟರಿನಲ್ಲಿ ನಷ್ಟವೇ ಇಲ್ಲ ಅನ್ನೋದು ಡಿಸಿಗೆ ಸರಿ. ಎಸಿ ಹರಿಸಿದರೆ ತಂತಿ ಬಿಸಿಯಾಗುತ್ತದೆ. ಇನ್ವರ್ಟರಿನಿಂದ ಬರುವ, ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟು ಹೀಗೆ ಇರುವ ಅಲೆಗಳು) ಬೆರೆತ ಕರೆಂಟ್ ಆದರೆ ತಾಮ್ರಕ್ಕೆ ಹಾಕುವ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ.

ಮೊದಲು ಒಂದು ಪೂರ್ತಿ ಸೈಕಲ್ ಅನ್ನು ಆಸಿಲೋಸ್ಕೋಪಿನಲ್ಲಿ ಹಿಡಿಯಿರಿ. ಎರಡೇ ವಿಷಯ ನೋಡಿ: ಪೀಕ್ ಎಷ್ಟು, ಮತ್ತು ಅಲೆ ಏರುವಾಗ ಇಳಿಯುವಾಗ ನಡುವೆ ಎಲ್ಲಾದರೂ ಹಿಂದಕ್ಕೆ ತಿರುಗುತ್ತದಾ ಅಂತ. ಹಿಸ್ಟೆರಿಸಿಸ್ ನಷ್ಟ, ಅಂದರೆ ಕಾಂತಕ್ಷೇತ್ರ ಒಳಗೆ ನುಗ್ಗಿ ಹೊರಬರುವಾಗ ಪ್ರತಿ ಸೈಕಲ್ಲಿಗೆ ಶಾಖವಾಗಿ ಹೋಗುವ ಶಕ್ತಿ, ಆ ಕ್ಷೇತ್ರ ತಂತಿಯೊಳಗೆ ಎಷ್ಟು ಆಳಕ್ಕೆ ನುಗ್ಗಿತು ಅನ್ನೋದರ ಮೇಲೆ ನಿಂತಿದೆ. ಕ್ಷೇತ್ರ ಒಳಗೆ ಹೇಗೆ ನುಗ್ಗುತ್ತದೆ ಅಂತ ಹೇಳುವ 1962ರ ಬೀನ್ ಮಾದರಿಯ ಪ್ರಕಾರ ಆ ಆಳವನ್ನು ಪೀಕ್ ತೀರ್ಮಾನಿಸುತ್ತದೆ, ಪೀಕಿಗೆ ಹೋದ ದಾರಿ ಅಲ್ಲ.

ಒಂದು ಉದಾಹರಣೆ ನೋಡಿ. ಸೈನ್ ಅಲೆಗೆ 10% ಮೂರನೇ ಹಾರ್ಮೋನಿಕ್ ಸೇರಿಸಿ. ಒಂದು ಫೇಸಿನಲ್ಲಿ ತಲೆ ಚಪ್ಪಟೆಯಾಗಿ ಪೀಕ್ 0.9ಕ್ಕೆ ಇಳಿಯುತ್ತದೆ, ಉಲ್ಟಾ ಫೇಸಿನಲ್ಲಿ ಚೂಪಾಗಿ 1.1ಕ್ಕೆ ಏರುತ್ತದೆ. ಆರ್‌ಎಂಎಸ್ ಎರಡಕ್ಕೂ ಒಂದೇ! ಆದರೆ ಎಸಿ ನಷ್ಟ ಲೆಕ್ಕ ಹಾಕುವ 1970ರ ನಾರಿಸ್ ಸೂತ್ರಗಳಲ್ಲಿ, ಕರೆಂಟ್ ಕ್ರಿಟಿಕಲ್ ಮಟ್ಟಕ್ಕಿಂತ (ಸೂಪರ್‌ಕಂಡಕ್ಟರ್ ಪ್ರತಿರೋಧವಿಲ್ಲದೆ ಹೊರಬಲ್ಲ ಗರಿಷ್ಠ ಕರೆಂಟ್) ಸಾಕಷ್ಟು ಕೆಳಗಿದ್ದಾಗ, ಸೈಕಲ್ಲಿಗೆ ಆಗುವ ನಷ್ಟ ದುಂಡು ತಂತಿಯಲ್ಲಿ ಪೀಕಿನ ಘನದಂತೆ, ತೆಳು ಟೇಪಿನಲ್ಲಿ ನಾಲ್ಕನೇ ಘಾತದಂತೆ ಬೆಳೆಯುತ್ತದೆ. ಅಂದರೆ ಚಪ್ಪಟೆ ಅಲೆಗಿಂತ ಚೂಪು ಅಲೆಯಲ್ಲಿ ನಷ್ಟ ದುಂಡು ತಂತಿಗೆ ಸುಮಾರು 1.8 ಪಟ್ಟು, ಟೇಪಿಗೆ 2.2 ಪಟ್ಟು ಜಾಸ್ತಿ. ಅದಕ್ಕೇ ಹಾರ್ಮೋನಿಕ್ ಎಷ್ಟು ಪರ್ಸೆಂಟ್ ಅಂತ ಮಾತ್ರ ಹೇಳಿ ಫೇಸ್ ಬಿಟ್ಟರೆ ಪ್ರಯೋಜನವಿಲ್ಲ. ಒಂದೊಂದು ಹಾರ್ಮೋನಿಕ್ಕಿನ ನಷ್ಟ ಬೇರೆ ಬೇರೆ ತೆಗೆದು ಸುಮ್ನೆ ಕೂಡಿಸೋದಂತೂ ತಪ್ಪೇ.

ಅಲೆ ನಡುವೆ ಹಿಂದಕ್ಕೆ ತಿರುಗಿದ್ದರೆ ಅಲ್ಲೊಂದು ಚಿಕ್ಕ ಹಿಸ್ಟೆರಿಸಿಸ್ ಲೂಪ್ ಹುಟ್ಟುತ್ತದೆ. ಆ ಏರಿಳಿತದ ಅರ್ಧವನ್ನು ಪೀಕ್ ಅಂದುಕೊಂಡು ಅದೇ ಸೂತ್ರಕ್ಕೆ ಹಾಕಿ, ಪೂರ್ತಿ ಸೈಕಲ್ಲಿನ ದೊಡ್ಡ ಲೂಪಿನ ನಷ್ಟಕ್ಕೆ ಸೇರಿಸಿ. ಚಿಕ್ಕ ಏರಿಳಿತಕ್ಕೆ ನಷ್ಟ ತೀರಾ ಕಮ್ಮಿ, ಆದರೆ ಸ್ವಿಚಿಂಗಿನಿಂದ ಸೈಕಲ್ಲಿಗೆ ನೂರಾರು ಸಲ ಬಂದರೆ ಒಟ್ಟು ಎಷ್ಟಾಯಿತು ಅಂತ ನೋಡಲೇಬೇಕು. ಈ ಲೆಕ್ಕ ಒಂಟಿ ತಂತಿಗೆ ಮಾತ್ರ. ಕಾಯಿಲಿನಲ್ಲಿ ಪಕ್ಕದ ಸುತ್ತುಗಳ ಕ್ಷೇತ್ರವೂ ಸೇರಬೇಕು.

ಟೇಪಿನ ಮೇಲಿನ ತಾಮ್ರದ ಪದರದ ಎಡ್ಡಿ ನಷ್ಟ (ಬದಲಾಗುವ ಕ್ಷೇತ್ರ ಲೋಹದಲ್ಲಿ ಎಬ್ಬಿಸುವ ಸುಳಿ ಕರೆಂಟಿನ ನಷ್ಟ) ಬೇರೆ ಕಥೆ. ಅದು ಫ್ರೀಕ್ವೆನ್ಸಿಯ ವರ್ಗದಂತೆ ಏರುತ್ತದೆ, ಅಲ್ಲಿ ಹಾರ್ಮೋನಿಕ್‌ಗಳನ್ನು ಧಾರಾಳವಾಗಿ ಕೂಡಿಸಬಹುದು. ಮೇಲಿನ 10% ಮೂರನೇ ಹಾರ್ಮೋನಿಕ್ ಅದಕ್ಕೆ 9% ಸೇರಿಸುತ್ತದೆ, ಫೇಸ್ ಏನೇ ಇರಲಿ.

ಅಳೆಯುವಾಗ ಲಾಕ್-ಇನ್ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಆರಿಸಿ ಅಳೆಯುವ ಉಪಕರಣ) ಅನ್ನು ಮೂಲ ಫ್ರೀಕ್ವೆನ್ಸಿಗೆ ಮಾತ್ರ ಕಟ್ಟಿದರೆ ಉಳಿದ ಹಾರ್ಮೋನಿಕ್‌ಗಳ ಪಾಲು ತಪ್ಪಿಹೋಗುತ್ತದೆ. ವೋಲ್ಟೇಜ್, ಕರೆಂಟ್ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ, ಕ್ಷಣಕ್ಷಣದ ಗುಣಲಬ್ಧವನ್ನು ಪೂರ್ತಿ ಸೈಕಲ್ಲಿಗೆ ಇಂಟಿಗ್ರೇಟ್ ಮಾಡಿ. ವೋಲ್ಟೇಜ್ ತಂತಿಗಳನ್ನು ಟೇಪಿಗೆ ಅಂಟಿಸಿ ತರಬೇಡಿ, ಟೇಪಿನ ಅಗಲದ ಒಂದೂವರೆ ಪಟ್ಟು ದೂರಕ್ಕಾದರೂ ಒಯ್ದು ಆಮೇಲೆ ಹಿಂದಕ್ಕೆ ತನ್ನಿ. ಇಲ್ಲದಿದ್ದರೆ ಸಿಗುವ ನಷ್ಟದ ಅಂಕಿ ನಂಬೋಹಾಗಿಲ್ಲ.