ಮರಕಸಿಗೆ ಏಣಿ ಎತ್ತುವ ಮುನ್ನ

ಕಾಫಿ ತೋಟಗಳಲ್ಲಿ ನೆರಳಿನ ಮರ ಹತ್ತಿ ಕೊಂಬೆ ಸವರುವ ಮರಕಸಿ ಕೆಲಸದಲ್ಲಿ ಬೀಳುವ ಭಯ ಎಲ್ಲರಿಗೂ ಇರುತ್ತದೆ. ಆದರೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಮರ ಹತ್ತುವ ಮೊದಲೇ, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ, ನೆಲದ ಮೇಲೆ ನಿಂತವರೇ ಪ್ರಾಣ ಕಳೆದುಕೊಂಡ ಘಟನೆಗಳು ಹಲವು ನಡೆದಿವೆ. ಏಣಿ ಹಗುರವೆಂದು ಅದನ್ನು ಮಲಗಿಸದೆ, ಒಂದು ಮರದಿಂದ ಇನ್ನೊಂದಕ್ಕೆ ನಿಲ್ಲಿಸಿಕೊಂಡೇ ಸಾಗಿಸುತ್ತಾರೆ. ಹೊತ್ತವನ ಕಣ್ಣು ಕಾಲಡಿಯ ಕಾಫಿ ಗಿಡದ ಮೇಲಿದ್ದರೆ, ಏಣಿಯ ತುದಿ ಸಿಲ್ವರ್ ಓಕ್ ಎಲೆಗಳ ಮರೆಯಲ್ಲಿ ತಂತಿಯನ್ನು ಸಮೀಪಿಸಿರುತ್ತದೆ.

ಆದ್ದರಿಂದ ಮೇಸ್ತ್ರಿಯು ಹಿಂದಿನ ದಿನವೇ ತಂತಿ ಹಾಯುವ ಸಾಲಿನುದ್ದಕ್ಕೂ ನಡೆದು, ಅಲ್ಲಿನ ಮರಗಳಿಗೆ ಸುಣ್ಣದ ಗುರುತು ಹಾಕಬೇಕು. ವಿದ್ಯುತ್ ಪೂರೈಸುವ ಮೆಸ್ಕಾಂ ಅಥವಾ ಸೆಸ್ಕ್ ಕಂಪನಿಯ ಕಚೇರಿಗೆ ತಿಳಿಸಿ ಲೈನ್ ಆಫ್ ಮಾಡಿಸಿಕೊಳ್ಳದೆ, ಆ ಗುರುತಿನ ಮರಗಳಿಗೆ ಏಣಿ ಒರಗಿಸಲೇಬಾರದು. ಕರೆಂಟ್ ಹೋಗಿದೆ ಎಂಬುದು ಅನುಮತಿಯಲ್ಲ, ಏಕೆಂದರೆ ಅದು ಯಾವ ಗಳಿಗೆಯಲ್ಲಾದರೂ ಮರಳಬಹುದು. ಬಿದಿರಿನ ಏಣಿಯೂ ನೆನೆದಿದ್ದರೆ ವಿದ್ಯುತ್ ಹರಿಸುತ್ತದೆ.

ಮರದ ಬುಡದಲ್ಲಿ ನಿಂತು ಹೆಜ್ಜೇನು, ಕಣಜದ ಗೂಡು, ಒಣಗಿದ ಕೊಂಬೆಗಳನ್ನು ನೋಡಿಕೊಳ್ಳಿ. ಹಾಲುವಾಣದ ಕೊಂಬೆ ಹಸಿರಾಗಿ ಕಂಡರೂ ಮೆದು. ಅದಕ್ಕೆ ಮೈಭಾರ ಹಾಕಬಾರದು. ಸೊಂಟಕ್ಕೆ ಸುತ್ತಿದ ಬರಿಯ ಹಗ್ಗ ಬೀಳುವುದನ್ನು ತಡೆದರೂ ಹೊಟ್ಟೆಯನ್ನೇ ಬಿಗಿದು ಪೆಟ್ಟು ಮಾಡುತ್ತದೆ. ತೊಡೆ ಮತ್ತು ಭುಜಗಳನ್ನೂ ಹಿಡಿಯುವ ಬೆಲ್ಟ್ ಬೇಕು. ಅದಕ್ಕೆ ಎರಡು ಹಗ್ಗಗಳಿದ್ದರೆ, ಒಂದನ್ನು ಬಿಚ್ಚಿ ಮೇಲೆ ಕಟ್ಟುವಾಗ ಇನ್ನೊಂದು ಹಿಡಿದಿರುತ್ತದೆ. ಕಡಿಯಲಿರುವ ಕೊಂಬೆಗೇ ಹಗ್ಗ ಕಟ್ಟಿಕೊಂಡವರನ್ನು ನಾನು ಕಂಡಿದ್ದೇನೆ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕಡಿದರೆ, ಸಿಪ್ಪೆ ಸೀಳಿ ಕೊಂಬೆ ತೂಗಿ ಕಡಿಯುವವನ ಕಡೆಗೇ ಬರುತ್ತದೆ. ಕಾಂಡದಿಂದ ಸುಮಾರು 1 ಅಡಿ ದೂರದಲ್ಲಿ ಮೊದಲು ಅಡಿಯಿಂದ ಕೊಂಬೆಯ ಕಾಲು ಭಾಗದಷ್ಟು ಕತ್ತರಿಸಿ, ಬಳಿಕ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕತ್ತರಿಸಬೇಕು; ಭಾರ ಕಳಚಿದ ಮೇಲೆ ಉಳಿದ ಮೋಟನ್ನು ತೆಗೆಯುವುದು ಸುಲಭ. ಕೆಳಗೆ ಸೌದೆ ಒಟ್ಟುವವರು ಆಗಲೂ ಬರಕೂಡದು, ಮೇಲಿನವನು ಕೂಗಿ ಹೇಳಿದ ನಂತರವೇ ಬರಬೇಕು.

ತಂತಿಗೆ ಏಣಿ ತಗುಲಿದರೆ ಅಂಟಿಕೊಂಡವನನ್ನು ಮುಟ್ಟಬೇಡಿ, ಏಣಿಯನ್ನು ಎಳೆಯಬೇಡಿ. ದೂರ ನಿಂತು 1912ಕ್ಕೆ ಕರೆ ಮಾಡಿ ಲೈನ್ ನಿಲ್ಲಿಸಿ. ಬಿದ್ದವನನ್ನು ಅವಸರದಿಂದ ಜೀಪಿಗೆ ಎತ್ತಿ ಹಾಕಿದರೆ ಬೆನ್ನುಮೂಳೆಯ ಗಾಯ ಕೆಡುತ್ತದೆ. ಉಸಿರಾಟ ನೋಡಿಕೊಳ್ಳುತ್ತ, ತಲೆ ಕುತ್ತಿಗೆ ಅಲುಗಾಡದಂತೆ ಹಿಡಿದು 108 ಬರುವವರೆಗೆ ಕಾಯಿರಿ. ಬೆಲ್ಟಿನಲ್ಲಿ ಪ್ರಜ್ಞೆಯಿಲ್ಲದೆ ತೂಗುತ್ತಿರುವವನನ್ನು ಮಾತ್ರ ಕಾಯದೆ ಕೆಳಗಿಳಿಸಬೇಕು. ಅದಕ್ಕಾಗಿ ಮತ್ತೊಬ್ಬ ಮರ ಹತ್ತುವವನೂ ಹೆಚ್ಚುವರಿ ಹಗ್ಗವೂ ಬುಡದಲ್ಲಿ ಸಿದ್ಧವಾಗಿರಲಿ.