ಹಳೇ ಲಾರಿಯ ತಲೆ ಶೆಡ್ಡಿನ ಬಾಗಿಲಿಗೆ ತಾಗುತ್ತಾ?
ಒಂದೆರಡು ಇಂಚಿಗೆ ಗೋಡೆ ಒಡೆಯಬೇಡಿ ಮಾರಾಯ್ರೆ, ಕ್ಯಾಬಿನ್ನಿನ ಬೆನ್ನಿಗೇ ತಾಗಿಸಿ ಕೆಂಪುಕಲ್ಲು ಹೇರಿ (ಕಾಸರಗೋಡಿನಲ್ಲಿ ಅದಕ್ಕೇನು ಬರವೇ), ಮುಂದಿನ ಟಯರುಗಳ ಗಾಳಿ ಅರ್ಧ ಇಳಿಸಿ. ಭಾರಕ್ಕೆ ಪ್ಲೇಟ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ್ದು) ಕುಗ್ಗಿ, ಟಯರೂ ಚಪ್ಪಟೆಯಾಗಿ ಲಾರಿ ಕೆಳಗೆ ಕೂರುತ್ತದೆ. ಕಲ್ಲನ್ನು ಹಿಂದಿನ ಚಕ್ರ ದಾಟಿಸಿ ಇಟ್ಟರೆ ಮೂತಿ ಮೇಲೇಳುತ್ತದೆ, ಎಲ್ಲಾ ದಂಡ. ಗಾಳಿ ಪೂರ್ತಿ ಬಿಡಬೇಡಿ, ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತದೆ. ಇಂಜಿನ್ ಬೇಡ, ಚೈನ್ ಬ್ಲಾಕಿನಲ್ಲಿ (ಕೈಯಲ್ಲಿ ಸರಪಳಿ ಎಳೆದು ಭಾರ ಎಳೆಯುವ ರಾಟೆ) ನಿಧಾನ ಎಳೆಯಿರಿ, ಚಕ್ರದ ಹಿಂದೆ ಅಡ್ಡ ಕೊಡಲು ಒಬ್ಬರು ಕಲ್ಲು ಹಿಡಿದು ನಿಂತಿರಲಿ. ಪ್ಲೇಟ್ ತುಕ್ಕು ಹಿಡಿದು ಬಿಗಿದಿದ್ದರೆ ಜಾಸ್ತಿ ಇಳಿಯುವುದಿಲ್ಲ, ಸುಮ್ನೆ ಕಲ್ಲು ಹೊತ್ತದ್ದೇ ಬಂತು. ಮತ್ತೆ, ಒಳಗಿನ ಮಾಡೂ (ಚಾವಣಿ) ಬಾಗಿಲಷ್ಟೇ ತಗ್ಗಾಗಿದ್ದರೆ ಕಲ್ಲು ಇಳಿಸುವಾಗ ಲಾರಿ ಮೇಲೆದ್ದು ಮಾಡು ಹೊರುವ ಪಕ್ಕಾಸಿಗೆ ಒತ್ತುತ್ತದೆ, ಮೊದಲೇ ಅಳತೆ ನೋಡಿ.